ದೊಡ್ಡಪತ್ರೆಯೋ, ಸಿರಪ್ಪೋ? ಪುಟ್ಟ ಮಕ್ಕಳಿಗೆ ಮನೆಮದ್ದು ಆರಿಸುವ ಬಗೆ

ಮೊದಲ ಮಗು ಹುಟ್ಟಿದಾಗ ನಮ್ಮ ಮನೆಯಲ್ಲಿ ಮೂರು ಔಷಧಿ ಅಂಗಡಿ ಒಟ್ಟಿಗೇ ಬಾಗಿಲು ತೆರೆದವು. ಸಾಗರದಿಂದ ಬಂದ ಅಮ್ಮನ ಚೀಲದಲ್ಲಿ ಬಜೆ, ಜೇಷ್ಠಮಧು ಮತ್ತು ತೇಯುವ ಕಲ್ಲು. ತಿಪಟೂರಿನ ಅತ್ತೆ ತಂದದ್ದು ಗಾಣದ ಕೊಬ್ಬರಿ ಎಣ್ಣೆ, ಒಂದು ಡಬ್ಬಿ ಇಂಗು. ಮೂರನೆಯದು ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಬುಟ್ಟಿ. ಅದರಲ್ಲಿ ಡ್ರಾಪ್ಸು, ಸಿರಪ್ಪು, ಅರ್ಧ ಖಾಲಿಯಾದ ಬಾಟಲಿಗಳು. ಮಗು ಒಂದು ಸಲ ಸೀನಿದರೆ ಸಾಕು, ಮೂರೂ ಅಂಗಡಿಯವರು ಓಡಿ ಬರುತ್ತಿದ್ದರು. ಮೂರನೇ ಅಂಗಡಿಯವಳು ನಾನೇ.

ಈಗ ದೊಡ್ಡವನಿಗೆ ಆರು ವರ್ಷ, ಚಿಕ್ಕವಳಿಗೆ ಎರಡೂವರೆ. ಇಷ್ಟು ವರ್ಷದ ಜಗಳ, ರಾಜಿ, ಡಾಕ್ಟ್ರ ಬೈಗುಳ ಎಲ್ಲ ಆದಮೇಲೆ ನಾನು ಯಾವ ಮದ್ದನ್ನೂ ಅದು ಎಲ್ಲಿಂದ ಬಂತು ಅಂತ ನೋಡುವುದಿಲ್ಲ. ಮೂರು ವಿಷಯ ಕೇಳುತ್ತೇನೆ. ಮಗುವಿಗೆ ಎಷ್ಟು ತಿಂಗಳು? ಇದು ಹೊಟ್ಟೆಗೆ ಹೋಗುತ್ತಾ, ಮೈಮೇಲೆ ಉಳಿಯುತ್ತಾ? ಹೊಟ್ಟೆಗೆ ಹೋಗುವುದಾದರೆ ಅಳತೆ ಯಾರಿಗಾದರೂ ಗೊತ್ತಿದೆಯಾ? ಅಜ್ಜಿಯ ಮದ್ದೂ ಮೆಡಿಕಲ್ ಶಾಪಿನ ಬಾಟಲಿಯೂ ಇದೇ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಕೆಲವು ಸಲ ಅಜ್ಜಿ ಗೆಲ್ಲುತ್ತಾರೆ, ಕೆಲವು ಸಲ ಬಾಟಲಿ. ಎರಡೂ ಸೋಲುವುದೂ ಉಂಟು.

ಆರು ತಿಂಗಳವರೆಗೆ ಮಾತ್ರ ಉತ್ತರ ಸುಲಭ. ಎದೆಹಾಲು ಬಿಟ್ಟು ಹೊಟ್ಟೆಗೆ ಏನೂ ಬೇಡ. ನೀರೂ ಬೇಡ, ಜೇನೂ ಬೇಡ, ತೇಯ್ದದ್ದೂ ಬೇಡ. ಡಾಕ್ಟ್ರು ಬರೆದ ವಿಟಮಿನ್ ಡಿ ಹನಿ, ಲಸಿಕೆಯ ಹನಿ, ಬೇಕಾದಾಗ ಅವರೇ ಹೇಳಿದ ಔಷಧಿ ಅಷ್ಟೇ. ಈ ಒಂದು ಗೆರೆ ಹಾಕಿಕೊಂಡರೆ ಮನೆಯ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಶೀತ, ಕೆಮ್ಮು

ಎಲ್ಲರ ಮನೆಯಲ್ಲೂ ಜಾಸ್ತಿ ಗಲಾಟೆ ಆಗುವುದು ಇದಕ್ಕೇ. ಅಂಗನವಾಡಿಗೋ ಪ್ಲೇಹೋಮಿಗೋ ಹೋಗುವ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಮಾಮೂಲು. ಬಹುಪಾಲು ವೈರಸ್ಸಿನದು. ವಾರ, ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ, ಕೆಮ್ಮು ಇನ್ನೂ ಒಂದು ವಾರ ಎಳೆಯಬಹುದು. ಅಂದರೆ ನಾವು ಆರಿಸುತ್ತಿರುವುದು ನೆಗಡಿ ವಾಸಿ ಮಾಡುವ ಮದ್ದನ್ನಲ್ಲ. ಆ ಹತ್ತು ದಿನ ಮಗು ಉಸಿರಾಡಿ, ಉಂಡು, ಮಲಗುವಂತೆ ಮಾಡುವುದು ಯಾವುದು ಅಂತ ನೋಡಬೇಕು.

ಅಮ್ಮನ ಪ್ರಕಾರ ಉತ್ತರ ದೊಡ್ಡಪತ್ರೆ. ನಮ್ಮ ಬಾಲ್ಕನಿಯ ಕುಂಡದಲ್ಲಿ ಅದು ಕೇಳದೆಯೇ ಬೆಳೆಯುತ್ತದೆ. ಎರಡು ದಪ್ಪ ಎಲೆ ಕಿತ್ತು, ದೋಸೆ ಹೆಂಚು ಸಣ್ಣಗೆ ಬಿಸಿಯಾದಾಗ ಅದರ ಮೇಲೆ ಹಾಕುತ್ತಾರೆ. ಎಲೆ ಮೆತ್ತಗಾಗಿ, ಬಣ್ಣ ಕಂದಿ, ಓಮದಂಥ ಘಾಟು ಅಡುಗೆಮನೆ ತುಂಬುತ್ತದೆ. ಆಗ ತೆಗೆದು ಅಂಗೈಯಲ್ಲಿ ಹಿಂಡಿದರೆ ನಾಲ್ಕೈದು ಹನಿ ಹಸಿರು ರಸ. ಅದಕ್ಕೆ ಅರ್ಧ ಚಮಚ ಜೇನು. ಮಗ ಮುಖ ಕಿವಿಚಿಕೊಂಡೇ ನೆಕ್ಕುತ್ತಾನೆ, ಆಮೇಲೆ ಇನ್ನೊಂದು ಚಮಚ ಜೇನಿಗೆ ಕೈ ಚಾಚುತ್ತಾನೆ.

ಇಲ್ಲಿ ಕೆಲಸ ಮಾಡುವುದು ಎಲೆಯಾ, ಜೇನಾ? ಜೇನಿನ ಪಾಲು ದೊಡ್ಡದು ಅಂತ ನನ್ನ ಲೆಕ್ಕ. ಒಂದು ವರ್ಷ ದಾಟಿದ ಮಕ್ಕಳಿಗೆ ಮಲಗುವ ಮುಂಚೆ ಅರ್ಧದಿಂದ ಒಂದು ಚಮಚ ಜೇನು ಕೊಟ್ಟರೆ ರಾತ್ರಿಯ ಕೆಮ್ಮು ಸ್ವಲ್ಪ ತಗ್ಗುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದವರೇ ಹೇಳಿದ್ದಾರೆ. ಎಲೆಗೆ ಅಂಥ ಪುರಾವೆ ಇಲ್ಲ, ಆದರೆ ತಂಬುಳಿ ಮಾಡಿ ತಿನ್ನುವ ಸೊಪ್ಪು ಅದು, ನಾಲ್ಕು ಹನಿಯಿಂದ ತೊಂದರೆಯಿಲ್ಲ. ಅಮ್ಮನಿಗೆ ಈ ಲೆಕ್ಕ ಹೇಳಲು ಹೋಗಿಲ್ಲ.

ಆದರೆ ವರ್ಷ ತುಂಬದ ಮಗುವಿಗೆ ಜೇನು ಖಂಡಿತ ಬೇಡ, ಹುಟ್ಟಿದ ದಿನ ನಾಲಿಗೆಗೆ ಮುಟ್ಟಿಸುವ ಹನಿಯೂ ಬೇಡ. ಜೇನಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ದೊಡ್ಡವರ ಕರುಳಿನಲ್ಲಿ ಅದು ಬೆಳೆಯುವುದಿಲ್ಲ. ಎಳೆಮಗುವಿನ ಕರುಳಿನಲ್ಲಿ ಬೆಳೆದು ವಿಷ ಉಗುಳುತ್ತದೆ, ಮಗುವಿನ ಸ್ನಾಯುಗಳು ಸೋಲುತ್ತಾ ಬರುತ್ತವೆ. ಕಾಯಿಸಿದರೂ ಆ ಬೀಜಾಣು ಮನೆಯ ಒಲೆಗೆ ಸಾಯುವುದಿಲ್ಲ. ಜೇನು ಕಾಡಿನದೋ, ಶುದ್ಧವೋ, ಪರಿಚಯದವರು ಕೊಟ್ಟದ್ದೋ ಎಂಬುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಸಿರಪ್. ನನ್ನ ಬುಟ್ಟಿಯಲ್ಲಿ ಒಂದು ಕಾಲಕ್ಕೆ ನಾಲ್ಕು ಬಣ್ಣದ ಕೆಮ್ಮಿನ ಸಿರಪ್ ಇದ್ದವು. 2025ರ ಅಕ್ಟೋಬರಿನಲ್ಲಿ ಎಲ್ಲವನ್ನೂ ಎಸೆದೆ. ಮಧ್ಯಪ್ರದೇಶದ ಛಿಂದ್ವಾಡಾ ಕಡೆ 20ಕ್ಕೂ ಹೆಚ್ಚು ಮಕ್ಕಳು ಕೆಮ್ಮಿನ ಸಿರಪ್ ಕುಡಿದು ಕಿಡ್ನಿ ಕೆಟ್ಟು ತೀರಿಕೊಂಡ ಸುದ್ದಿ ಬಂದದ್ದು ಆಗಲೇ. ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ಅದೇ ತಿಂಗಳು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿ ಔಷಧಿ ಬರೆಯಲೇಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಅಂತ ಹೇಳಿತು. ವಿಷ ಬೆರೆತದ್ದು ಒಂದು ಕಡೆಯ ಕಥೆ ಇರಬಹುದು. ಆದರೆ ವಿಷವಿಲ್ಲದ ಸಿರಪ್ ಕೂಡ ಈ ವಯಸ್ಸಿನಲ್ಲಿ ಮಾಡುವ ಉಪಕಾರ ಅಷ್ಟಕ್ಕಷ್ಟೆ. ಬಹಳಷ್ಟು ಸಲ ಮಗುವನ್ನು ಮಂಕಾಗಿಸಿ ಮಲಗಿಸುತ್ತದೆ, ನಾವು ಕೆಮ್ಮು ಕಮ್ಮಿಯಾಯಿತು ಅಂದುಕೊಳ್ಳುತ್ತೇವೆ.

ಹಾಗಾದರೆ ವರ್ಷದೊಳಗಿನ ಮಗುವಿಗೆ ಏನು ಉಳಿಯಿತು? ಮೂಗಿಗೆ ಉಪ್ಪುನೀರಿನ ಡ್ರಾಪ್ಸ್. ಮೆಡಿಕಲ್ ಶಾಪಿನಲ್ಲಿ ‘ಸಲೈನ್ ನೇಸಲ್ ಡ್ರಾಪ್ಸ್’ ಅಂತ ಕೇಳಿ. ಹಾಲು ಕುಡಿಸುವ ಮುಂಚೆ ಒಂದೊಂದು ಹೊಳ್ಳೆಗೆ ಒಂದೆರಡು ಹನಿ. ಹೆಪ್ಪುಗಟ್ಟಿದ ಸಿಂಬಳ ಸಡಿಲವಾಗಿ, ಮಗು ಮೊಲೆ ಕಚ್ಚಿ ಉಸಿರೂ ಎಳೆದುಕೊಳ್ಳುತ್ತದೆ. ಬಾಟಲಿಯ ಮೇಲಿನ ಹೆಸರು ಮಾತ್ರ ಎರಡು ಸಲ ಓದಿ. ಅದೇ ಅಳತೆಯ, ಅದೇ ಆಕಾರದ ಬಾಟಲಿಯಲ್ಲಿ ಮೂಗಿನ ರಕ್ತನಾಳ ಕುಗ್ಗಿಸುವ ಡ್ರಾಪ್ಸೂ ಬರುತ್ತದೆ. ಅದನ್ನು ಡಾಕ್ಟ್ರು ಹೇಳದೆ ಹಾಕಬಾರದು.

ನಮ್ಮ ಕಡೆ ಮೂಗಿಗೆ ಎಣ್ಣೆ ಬಿಡುವ ರೂಢಿಯೂ ಇದೆ, ಅಲ್ವಾ? ಸ್ನಾನಕ್ಕೆ ಮುಂಚೆ ಎರಡು ಹನಿ ಕೊಬ್ಬರಿ ಎಣ್ಣೆ. ಅದು ಬೇಡವೇ ಬೇಡ. ನೀರು ಶ್ವಾಸಕೋಶಕ್ಕೆ ಇಳಿದರೆ ಕೆಮ್ಮಿ ಹೊರಗೆ ಹಾಕಬಹುದು. ಎಣ್ಣೆ ಸದ್ದಿಲ್ಲದೆ ಇಳಿದು ಅಲ್ಲೇ ಕೂರುತ್ತದೆ, ನ್ಯುಮೋನಿಯಾ ತರುತ್ತದೆ. ಕಿವಿಗೂ ಬೇಡ.

ಎದೆಗೆ ಹಚ್ಚುವುದರಲ್ಲಿ ಹೋಲಿಕೆ ಸ್ವಲ್ಪ ಸೂಕ್ಷ್ಮ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಕರ್ಪೂರ ಕರಗಿಸಿ ಹಚ್ಚುವುದು ಅತ್ತೆಯ ಪದ್ಧತಿ. ಅಂಗಡಿಯ ವಿಕ್ಸ್ ಡಬ್ಬಿಯಲ್ಲಿರುವುದೂ ಕರ್ಪೂರವೇ, ಅದರ ಮೇಲೂ ಎರಡು ವರ್ಷದೊಳಗೆ ಬೇಡ ಅಂತ ಬರೆದಿರುತ್ತದೆ. ಅಂಗಡಿಯ ಡಬ್ಬಿಗೆ ಅನ್ವಯಿಸುವ ನಿಯಮ ಮನೆಯ ಎಣ್ಣೆಗೂ ಅನ್ವಯಿಸಬೇಕಲ್ಲ? ಅತ್ತೆಗೆ ಹೀಗೆ ಹೇಳಿದಾಗ ಒಪ್ಪಿದರು. ಈಗ ಬರೀ ಬೆಚ್ಚಗಿನ ಕೊಬ್ಬರಿ ಎಣ್ಣೆ ಸವರುತ್ತಾರೆ, ಬಾಡಿಸಿದ ದೊಡ್ಡಪತ್ರೆ ಎಲೆಯನ್ನು ನೆತ್ತಿಯ ಮೇಲೆ ಇಡುತ್ತಾರೆ. ಅದರಿಂದ ನೆಗಡಿ ಇಳಿಯುತ್ತಾ ನಾನು ಕೇಳಿಲ್ಲ. ಎಲೆ ಬಿಸಿ ಆರಿದೆಯಾ ಅಂತ ಮಾತ್ರ ನನ್ನ ಕೈಗೆ ಮುಟ್ಟಿಸಿ ನೋಡುತ್ತೇನೆ.

ಕರ್ಪೂರದ ಬಗ್ಗೆ ಇನ್ನೊಂದು ಮಾತು. ದೇವರ ಮನೆಯ ಕರ್ಪೂರದ ಬಿಲ್ಲೆ ನೋಡಲು ಥೇಟ್ ಸಕ್ಕರೆ ಮಿಠಾಯಿ. ಒಂದೆರಡು ಬಿಲ್ಲೆ ಬಾಯಿಗೆ ಹೋದರೂ ಪುಟ್ಟ ಮಗುವಿಗೆ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ನಮ್ಮ ಮನೆಯಲ್ಲಿ ಕರ್ಪೂರದ ಡಬ್ಬಿ ಈಗ ಅಟ್ಟದ ಹತ್ತಿರದ ಮೊಳೆಗೆ ನೇತಾಡುತ್ತದೆ.

ಹಬೆ ಹಿಡಿಸುವುದು ದೊಡ್ಡವರಿಗೆ ಹಿತ. ಮಕ್ಕಳ ವಾರ್ಡಿನಲ್ಲಿ ಸುಟ್ಟಗಾಯದ ಮಕ್ಕಳನ್ನು ಒಮ್ಮೆ ನೋಡಿದರೆ ಬಿಸಿನೀರಿನ ಪಾತ್ರೆಯ ಹತ್ತಿರ ಮಗುವನ್ನು ಕೂರಿಸಲು ಮನಸ್ಸು ಬರುವುದಿಲ್ಲ. ತುಳಸಿ, ಮೆಣಸಿನ ಕಷಾಯ? ಎರಡು ವರ್ಷದ ಮೇಲೆ, ತೆಳ್ಳಗೆ, ನಾಲ್ಕು ಚಮಚ ಕೊಡುತ್ತೇನೆ. ಬೆಚ್ಚಗಿನ ಸಾರೂ ಅಷ್ಟೇ ಕೆಲಸ ಮಾಡುತ್ತದೆ, ಮಕ್ಕಳು ಜಗಳವಿಲ್ಲದೆ ಕುಡಿಯುತ್ತಾರೆ.

ಈ ಯಾವುದನ್ನೂ ಮಾಡದೆ ಹೊರಡಬೇಕಾದ ಹೊತ್ತೂ ಇರುತ್ತದೆ. ಅದಕ್ಕೆ ಗಡಿಯಾರ ಸಾಕು. ಮಗು ಮಲಗಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಎರಡು ತಿಂಗಳೊಳಗೆ 60 ಅಥವಾ ಜಾಸ್ತಿ, ವರ್ಷದೊಳಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದೊಳಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ, ಆಸ್ಪತ್ರೆಗೇ ನಡೆಯಿರಿ. ರಾತ್ರಿಯಾದರೆ 108. ‘ಪಕ್ಕೆ’ ಅಂತ ಹೊಟ್ಟೆಗೆ ಬರೆ ಹಾಕಿಸುವ ಊರುಗಳು ಇನ್ನೂ ಇವೆ. ಅದು ಮದ್ದಿನ ಪಟ್ಟಿಗೇ ಸೇರುವುದಿಲ್ಲ.

ಸಂಜೆಯ ಅಳು

ಎರಡನೇ ವಾರದಿಂದ ಶುರುವಾಗಿ, ಆರನೇ ವಾರದ ಹೊತ್ತಿಗೆ ತಾರಕಕ್ಕೆ ಹೋಗಿ, ಮೂರು ನಾಲ್ಕು ತಿಂಗಳಿಗೆ ತಾನೇ ನಿಲ್ಲುವ ಅಳು ಇದು. ಕಾರಣ ಪೂರ್ತಿ ಗ್ಯಾಸ್ ಅಲ್ಲ, ಆದರೂ ಎಲ್ಲರೂ ಹೊಟ್ಟೆಯನ್ನೇ ಹಿಡಿದುಕೊಳ್ಳುತ್ತೇವೆ.

ಅತ್ತೆಯ ಇಂಗು: ಕಡಲೆ ಗಾತ್ರದ ಇಂಗನ್ನು ಬೆಚ್ಚಗಿನ ನೀರಲ್ಲಿ ಕದಡಿ, ಹೊಕ್ಕುಳಿನ ಸುತ್ತ ಸವರುವುದು. ಅಮ್ಮನ ಓಮದ ನೀರು: ಕುದಿಸಿ ಸೋಸಿ ಎರಡು ಚಮಚ ಕುಡಿಸುವುದು. ನನ್ನ ಬುಟ್ಟಿಯ ಗ್ರೈಪ್ ವಾಟರ್. ಮೂರರಲ್ಲಿ ನಾನು ಆರಿಸಿದ್ದು ಇಂಗು. ಅದು ಹೊಟ್ಟೆಯ ಹೊರಗೆ ಉಳಿಯುತ್ತದೆ ಅನ್ನುವುದೊಂದೇ ಕಾರಣ. ಹೊಕ್ಕುಳಬಳ್ಳಿ ಉದುರಿ, ಗಾಯ ಒಣಗಿರಬೇಕು ಅಷ್ಟೇ. ಸವರುವ ಬೆರಳು ಗಡಿಯಾರದ ಮುಳ್ಳಿನ ದಿಕ್ಕಲ್ಲಿ ತಿರುಗುತ್ತದಲ್ಲ, ನಿಜವಾದ ಮದ್ದು ಆ ಬೆರಳೇ ಇರಬಹುದು ಅಂತ ನನಗೆ ಅನುಮಾನ. ಜೊತೆಗೆ ಎರಡೂ ಕಾಲು ಹಿಡಿದು ಸೈಕಲ್ ತುಳಿಸಿ. ಹಾಲು ಕುಡಿದಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರುವವರೆಗೆ ಓಡಾಡಿ.

ಗ್ರೈಪ್ ವಾಟರ್ ನಮ್ಮದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದು 1850ರ ದಶಕದ ಇಂಗ್ಲೆಂಡಿನ ಸರಕು, ಮೊದಲಿನ ಬಾಟಲಿಗಳಲ್ಲಿ ಆಲ್ಕೋಹಾಲ್ ಇರುತ್ತಿತ್ತು. ಹಳೇ ಕಾಲದಲ್ಲಿ ಮಕ್ಕಳು ಕುಡಿದ ಕೂಡಲೇ ಸುಮ್ನೆ ಮಲಗುತ್ತಿದ್ದುದರ ಗುಟ್ಟು ಅದೇ ಇರಬೇಕು! ಈಗ ಅದಿಲ್ಲ, ಸಕ್ಕರೆ ಅಥವಾ ಸಿಹಿಕಾರಕ ಇರುತ್ತದೆ. ಆರು ತಿಂಗಳೊಳಗಿನ ಹೊಟ್ಟೆಗೆ ಅದೂ ಹೊರಗಿನದೇ. ಕೋಲಿಕ್ ಡ್ರಾಪ್ಸಿನ ಲಾಭವೂ ಅಂಥದ್ದೇನಿಲ್ಲ. ಡಾಕ್ಟ್ರು ಬರೆದರೆ ಹಾಕುತ್ತೇನೆ, ಬರೆಯಿರಿ ಅಂತ ಕೇಳಿಕೊಳ್ಳುವುದಿಲ್ಲ. ಅಮ್ಮನ ಓಮದ ನೀರನ್ನು ನಾನೇ ಕುಡಿದೆ. ಬಾಣಂತಿಯ ಹೊಟ್ಟೆಗೆ ಅದು ನಿಜವಾಗಿ ಹಿತ.

ಅಳುತ್ತಾ ಹಸಿರು ವಾಂತಿ ಮಾಡಿದರೆ, ಹೊಟ್ಟೆ ಬಿಗಿದು ಮುಟ್ಟಗೊಡದಿದ್ದರೆ, ಮಲದಲ್ಲಿ ರಕ್ತ ಕಂಡರೆ ಇಂಗಿನ ಡಬ್ಬಿ ಕೆಳಗಿಡಿ, ಹೊರಡಿ.

ತೇಯುವ ಮದ್ದು

ಇದರ ಬಗ್ಗೆ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ‘ಮಗೂಗೆ ತೇಯೋ ಸಾಮಾನು’ ಅಂದರೆ ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಾರೆ: ಬಜೆ, ಅಳಲೆಕಾಯಿ, ಜಾಯಿಕಾಯಿ, ಮಾಚಿಕಾಯಿ, ಹಿಪ್ಪಲಿ, ಒಣಶುಂಠಿ, ಜೇಷ್ಠಮಧು. ನಮ್ಮ ಪಕ್ಕದ ಮನೆಯ ಧಾರವಾಡದ ವೈನಿ ಇದಕ್ಕೇ ‘ಗುಟ್ಟಿ’ ಅನ್ನುತ್ತಾರೆ. ಎದೆಹಾಲಲ್ಲಿ ಕಲ್ಲಿಗೆ ಒಂದೊಂದನ್ನೂ ಇಷ್ಟಿಷ್ಟು ಸುತ್ತು ಅಂತ ಎಣಿಸಿ ತೇಯ್ದು, ಬೆರಳಲ್ಲಿ ಬಳಿದು ಮಗುವಿನ ನಾಲಿಗೆಗೆ ಹಚ್ಚುವುದು. ನಾನೂ ಅದನ್ನೇ ನೆಕ್ಕಿ ಬೆಳೆದವಳು. ಆ ವಾಸನೆ ಬಂದರೆ ಇವತ್ತೂ ಅಜ್ಜಿಮನೆ ನೆನಪಾಗುತ್ತದೆ.

ಆದರೂ ನನ್ನ ಮಕ್ಕಳಿಗೆ ಹಾಕಲಿಲ್ಲ. ಬಜೆಯಲ್ಲಿ ಬೀಟಾ ಅಸರೋನ್ ಅನ್ನುವ ಅಂಶ ಇದೆ. ಪ್ರಾಣಿಗಳ ಮೇಲೆ ಅದರ ಕೆಟ್ಟ ಪರಿಣಾಮ ಕಂಡು ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರಕ್ಕೆ ಸೇರಿಸುವುದನ್ನು ನಿಷೇಧಿಸಿದರು. ಜಾಯಿಕಾಯಿ ತೇಯ್ದು ಹಾಕಿದರೆ ‘ಮಗು ಎಷ್ಟು ಚೆನ್ನಾಗಿ ನಿದ್ದೆ ಮಾಡಿತು’ ಅನ್ನುತ್ತೇವೆ. ಅದು ನಿದ್ದೆಯಲ್ಲ, ಮಂಪರು. ಜಾಸ್ತಿಯಾದರೆ ದೊಡ್ಡವರಿಗೂ ತಲೆ ತಿರುಗಿಸುವ ವಸ್ತು ಅದು. ಸುತ್ತಿನ ಲೆಕ್ಕ ಅಳತೆಯೇ ಅಲ್ವಾ ಅಂತ ಅಮ್ಮ ಕೇಳಿದರು. ನಮ್ಮಮ್ಮನ ಕೈಯ ಐದು ಸುತ್ತು, ಅತ್ತೆಯ ಕೈಯ ಐದು ಸುತ್ತು ಒಂದೇ ಕಲ್ಲಿನ ಮೇಲೆ ಪಕ್ಕಪಕ್ಕ ತೇಯಿಸಿ ನೋಡಿದೆವು. ಒಬ್ಬರದು ಬರೀ ಬಣ್ಣದ ನೀರು, ಇನ್ನೊಬ್ಬರದು ಗಂಧದ ಹಾಗೆ ಗಟ್ಟಿ. ಇಬ್ಬರೂ ನಕ್ಕರು. ಅವತ್ತಿಗೆ ಕಲ್ಲು ಮತ್ತೆ ಚೀಲ ಸೇರಿತು.

ಇದಕ್ಕೆ ಬದಲಿ ಏನು? ಬದಲಿ ಬೇಕಾಗಿಯೇ ಇಲ್ಲ, ಎದೆಹಾಲು ಸಾಕು. ಬಜೆಯ ಮಣಿ ಪೋಣಿಸಿ ಕೈಗೆ ಕಟ್ಟುವುದೂ ಚೆಂದ ಕಾಣುತ್ತದೆ, ಆದರೆ ಮಗುವಿನ ಕೈ ಸದಾ ಬಾಯಲ್ಲೇ. ದಾರ ಹರಿದರೆ ಮಣಿ ಗಂಟಲಿಗೆ.

ಭೇದಿ

ಇದೊಂದರಲ್ಲಿ ಗೆದ್ದವರು ಯಾರು ಅಂತ ನಾನು ಎರಡು ಮಾತಿಲ್ಲದೆ ಹೇಳುತ್ತೇನೆ: ಓಆರ್‌ಎಸ್ ಪ್ಯಾಕೆಟ್. ಇದನ್ನೂ ಒಂಥರಾ ಮನೆಮದ್ದು ಅಂತಲೇ ಅನ್ನಬೇಕು, ಉಪ್ಪು ಸಕ್ಕರೆಯ ನೀರೇ ತಾನೇ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಸಲೈನ್ ಬಾಟಲಿ ಮುಗಿದುಹೋಗಿ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಮನೆಯವರ ಕೈಯಲ್ಲೇ ಕುಡಿಸಿದರು. ಸಾವು ಗಣನೀಯವಾಗಿ ಇಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ ಪದ್ಮವಿಭೂಷಣ ಬಂತು.

ಇದರ ಗುಟ್ಟು ಅಳತೆಯಲ್ಲೇ ಇದೆ. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನು ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಸಕ್ಕರೆ ಜಾಸ್ತಿಯಾದರೆ ಉಲ್ಟಾ, ಮೈಯ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಅದಕ್ಕೇ ಜ್ಯೂಸು, ಸೋಡಾ, ಗ್ಲೂಕೋಸ್ ಪುಡಿಯ ನೀರು ಬೇಡ ಅನ್ನುವುದು.

ನಾನೊಂದು ಸಲ ತಪ್ಪು ಮಾಡಿದ್ದೇನೆ. ಮಗನಿಗೆ ಒಂದೂಕಾಲು ವರ್ಷ ಇದ್ದಾಗ, ರಾತ್ರಿ ಗಾಬರಿಯಲ್ಲಿ ಒಂದು ಲೀಟರಿನ ಪ್ಯಾಕೆಟ್ಟನ್ನು ಅರ್ಧ ಲೀಟರ್ ಬಾಟಲಿಗೆ ಸುರಿದೆ. ‘ಸ್ಟ್ರಾಂಗ್ ಇರಲಿ’ ಅಂತ. ಅವನು ಒಂದು ಗುಟುಕಿಗೇ ಉಗಿದದ್ದು ಪುಣ್ಯ. ಬೆಳಿಗ್ಗೆ ಡಾಕ್ಟ್ರು ಕೇಳಿ ಕನ್ನಡಕ ತೆಗೆದಿಟ್ಟರು. ‘ಅಮ್ಮಾ, ಇದು ಕಾಫಿ ಅಲ್ಲ’ ಅಂದರು. ಗಟ್ಟಿಯಾದರೆ ರಕ್ತದಲ್ಲಿ ಉಪ್ಪೇರಿ ಅಪಾಯ, ತೆಳ್ಳಗಾದರೆ ಉಪಯೋಗವಿಲ್ಲ. ದೊಡ್ಡ ಪ್ಯಾಕೆಟ್ಟಿಗೆ ಸರಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರು. 200 ಮಿಲಿಯ ಸಣ್ಣ ಪ್ಯಾಕೆಟ್ಟೂ ಸಿಗುತ್ತದೆ, ಪುಟ್ಟ ಮಕ್ಕಳಿರುವ ಮನೆಗೆ ಅದೇ ಸಲೀಸು. ಕಲಸಿದ್ದನ್ನು 24 ಗಂಟೆ ಕಳೆದರೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡವರಿಗೆ 100ರಿಂದ 200, ಚಮಚದಲ್ಲಿ ನಿಧಾನಕ್ಕೆ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು.

ಅಂಗಡಿಯಲ್ಲಿ ಹುಷಾರಾಗಿರಿ. ಹಣ್ಣಿನ ಚಿತ್ರ ಹಾಕಿದ ಸಿಹಿ ಪಾನೀಯದ ಡಬ್ಬಿಗಳೂ ಓಆರ್‌ಎಸ್ ಅಂತ ಹೆಸರಿಟ್ಟುಕೊಂಡು ಬರುತ್ತಿದ್ದವು. ಸರಿಯಾದ ಸೂತ್ರ ಇಲ್ಲದ ಪಾನೀಯಕ್ಕೆ ಆ ಹೆಸರು ಹಾಕುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. ಪ್ಯಾಕೆಟ್ಟಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ ತನ್ನಿ.

ಪ್ಯಾಕೆಟ್ ಇಲ್ಲದ ರಾತ್ರಿ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಗೀಚಿ ಸಮ ಮಾಡಿದ್ದು. ಅಡುಗೆಮನೆಯ ಟೀ ಚಮಚ, ಊಟದ ಚಮಚ ಅಲ್ಲ. ಉಪ್ಪು ಹಾಕಿದ ಅಕ್ಕಿ ಗಂಜಿ, ಉಪ್ಪು ಹಾಕಿದ ನೀರು ಮಜ್ಜಿಗೆ ಎರಡೂ ಒಳ್ಳೆಯದು, ಆರು ತಿಂಗಳು ದಾಟಿದ ಮೇಲೆ. ಎಳನೀರಿನ ವಿಷಯಕ್ಕೆ ಬಂದರೆ ತಿಪಟೂರಿನವರಿಗೆ ಬೇಜಾರಾಗಬಹುದು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ಭೇದಿಯಲ್ಲಿ ಮೈ ಕಳೆದುಕೊಳ್ಳುವುದು ಮುಖ್ಯವಾಗಿ ಸೋಡಿಯಂ. ಜೊತೆಗೆ ಕುಡಿಸಿ, ಬದಲಿಗೆ ಬೇಡ.

ದಾಳಿಂಬೆ ಸಿಪ್ಪೆ ಕಷಾಯ, ಜಾಯಿಕಾಯಿ ತೇಯ್ದದ್ದು, ಭೇದಿ ನಿಲ್ಲಿಸುವ ಮಾತ್ರೆ ಮೂರನ್ನೂ ನಾನು ಒಂದೇ ಸಾಲಿಗೆ ಸೇರಿಸುತ್ತೇನೆ. ಹರಿದುಹೋಗುವ ನೀರಿಗೆ ಬಾಗಿಲು ಹಾಕುವ ಆತುರ ಅದು, ಮಗುವಿಗೆ ಬೇಕಾಗಿರುವುದು ಒಳಗೆ ತುಂಬುವ ನೀರು. ಊಟ, ಎದೆಹಾಲು ನಿಲ್ಲಿಸಬೇಡಿ. ಜಿಂಕ್ ಮಾತ್ರೆ ಹದಿನಾಲ್ಕು ದಿನ ಕೊಡುತ್ತಾರೆ, ಆರು ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿಲಿಗ್ರಾಂ, ಕೆಳಗಿನವರಿಗೆ 10. ಆಶಾ ಕಾರ್ಯಕರ್ತೆಯ ಹತ್ತಿರ ಓಆರ್‌ಎಸ್ಸೂ ಜಿಂಕೂ ಬಿಟ್ಟಿಯಾಗಿ ಸಿಗುತ್ತದೆ. ಭೇದಿ ನಿಂತ ಕೂಡಲೇ ಜಿಂಕ್ ಬಿಡುವವರೇ ಎಲ್ಲರೂ, ನಾನೂ ಬಿಟ್ಟಿದ್ದೆ. ಪೂರ್ತಿ ಮುಗಿಸಿದರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಬರುವುದು ಕಡಿಮೆ.

ಕಣ್ಣು ಗುಳಿ ಬಿದ್ದರೆ, ಆರು ಗಂಟೆ ಮೂತ್ರ ಮಾಡದಿದ್ದರೆ, ಮಗು ಜೋತುಬಿದ್ದರೆ, ಮಲದಲ್ಲಿ ರಕ್ತ ಇದ್ದರೆ ಚಮಚ ಹಿಡಿದು ಕೂರಬಾರದು.

ಜ್ವರ

ತಣ್ಣೀರ ಪಟ್ಟಿಯೋ, ಪ್ಯಾರಾಸಿಟಮಾಲೋ? ಜ್ವರವನ್ನು ಇಳಿಸಲೇಬೇಕು ಅಂತೇನಿಲ್ಲ. ಮಗುವಿಗೆ ಸಂಕಟವಾಗುತ್ತಿದ್ದರೆ ಪ್ಯಾರಾಸಿಟಮಾಲ್, ಆಡಿಕೊಂಡಿದ್ದರೆ ಸುಮ್ನೆ ಬಿಡುತ್ತೇನೆ. ಪಟ್ಟಿ ಹಾಕುವುದಾದರೆ ಉಗುರುಬೆಚ್ಚಗಿನ ನೀರು. ಐಸ್ ನೀರಿಗೆ ಮಗು ನಡುಗುತ್ತದೆ, ಒಳಗಿನ ಕಾವು ಇನ್ನೂ ಏರುತ್ತದೆ. ಈರುಳ್ಳಿ ಹೋಳು ಸಾಕ್ಸಿನಲ್ಲಿ ಇಡುವ ವಾಟ್ಸ್ಯಾಪ್ ಮದ್ದು ಸಾಕ್ಸ್ ಹಾಳು ಮಾಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ಇಲ್ಲಿ ಹೋಲಿಸಬೇಕಾದದ್ದು ಬಾಟಲಿಯನ್ನು ಬಾಟಲಿಯ ಜೊತೆಗೆ. ಪ್ಯಾರಾಸಿಟಮಾಲ್ ಮೂರು ಬಗೆಯಲ್ಲಿ ಬರುತ್ತದೆ. 5 ಮಿಲಿಗೆ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್, 5 ಮಿಲಿಗೆ 250 ಇರುವ ಸಿರಪ್, ಒಂದೇ ಮಿಲಿಗೆ 100 ಇರುವ ಡ್ರಾಪ್ಸ್. ಅಳತೆ ಮಗುವಿನ ತೂಕದ ಮೇಲೆ, ಕಿಲೋಗೆ 15 ಮಿಲಿಗ್ರಾಂ ಮೀರದಂತೆ. ಹತ್ತು ಕಿಲೋ ಮಗುವಿಗೆ 150. ಅಂದರೆ 125ರ ಸಿರಪ್ ಆರು ಮಿಲಿ, 250ರದ್ದು ಮೂರು ಮಿಲಿ, ಡ್ರಾಪ್ಸ್ ಒಂದೂವರೆ ಮಿಲಿ. ‘ಹೋದ ಸಲ ಆರು ಮಿಲಿ ಕೊಟ್ಟಿದ್ದೆವು’ ಅಂತ ನೆನಪಿನಿಂದ ಡ್ರಾಪ್ಸನ್ನು ಆರು ಮಿಲಿ ಕುಡಿಸಿದರೆ ನಾಲ್ಕು ಪಟ್ಟು. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಒಂದೇ ಬಗೆಯ ಬಾಟಲಿ ಮನೆಯಲ್ಲಿಡಿ, ಇನ್ನೆರಡನ್ನು ಎಸೆಯಿರಿ.

ಡೆಂಗಿ ಕಾಲದಲ್ಲಿ ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವದ ಭಯ. ಪಪ್ಪಾಯಿ ಎಲೆ ರಸ ಕುಡಿಸಿ ವಾಂತಿ ಮಾಡಿಸಿಕೊಳ್ಳುವುದಕ್ಕಿಂತ ಅದೇ ಹೊತ್ತಿಗೆ ಗಂಜಿ, ಓಆರ್‌ಎಸ್ ಒಳಗೆ ಹೋದರೆ ಲಾಭ ಜಾಸ್ತಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಬಂದರೆ ಪಟ್ಟಿಯೂ ಬೇಡ, ಸಿರಪ್ಪೂ ಬೇಡ, ಅದೇ ಹೊತ್ತಿಗೆ ಡಾಕ್ಟ್ರ ಹತ್ತಿರ.

ಮಲ ಗಟ್ಟಿಯಾದರೆ

ಬರೀ ಎದೆಹಾಲು ಕುಡಿಯುವ ಮಗು ನಾಲ್ಕೈದು ದಿನ ಕಕ್ಕ ಮಾಡದೆ ಇದ್ದು, ಆಮೇಲೆ ಮೆತ್ತಗೆ ಮಾಡಿದರೆ ಅದು ಮಲಬದ್ಧತೆಯೇ ಅಲ್ಲ. ಅಷ್ಟರಲ್ಲಿ ಯಾರಾದರೂ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿಕೊಂಡು ಬಂದಿರುತ್ತಾರೆ. ನಮ್ಮ ಮನೆಗೂ ಬಂದಿದ್ದರು. ಸೋಪಿನ ಕಡ್ಡಿಯೂ ಅದರ ತಮ್ಮನೇ. ತೊಟ್ಟು ಕೆಲಸ ಮಾಡುವುದು ನಿಜ, ಆದರೆ ಒಳಗಿನ ಎಳೆ ಚರ್ಮ ಗೀರಿದರೆ ಮುಂದಿನ ಸಲ ನೋವಿಗೆ ಹೆದರಿ ಮಗು ಇನ್ನೂ ಬಿಗಿ ಹಿಡಿಯುತ್ತದೆ. ಹರಳೆಣ್ಣೆ ಕುಡಿಸುವುದೂ ಬೇಡ.

ಊಟ ಶುರುವಾದ ಮೇಲೆ ನೆನೆಸಿದ ಒಣದ್ರಾಕ್ಷಿ ಕಿವುಚಿದ ನೀರು ಇಲ್ಲಿ ಸಲೀಸಾಗಿ ಗೆಲ್ಲುತ್ತದೆ. ಎರಡು ವರ್ಷದ ಮಕ್ಕಳಲ್ಲಿ ಕಾರಣ ಬಹಳ ಸಲ ಹಾಲೇ. ದಿನಕ್ಕೆ ಅರ್ಧ ಲೀಟರ್ ದಾಟಿದರೆ ಊಟ ಸೇರುವುದಿಲ್ಲ, ನಾರಿಲ್ಲ, ರಕ್ತವೂ ಕಮ್ಮಿಯಾಗುತ್ತದೆ. ಮಗಳ ಮಧ್ಯಾಹ್ನದ ಬಾಟಲಿ ನಿಲ್ಲಿಸಿದ ವಾರದಲ್ಲೇ ಸರಿಹೋಯಿತು.

ಎಣ್ಣೆ, ಹೊಗೆ, ಕಾಡಿಗೆ

ಮೈಗೆ ಹಚ್ಚಲು ಕೊಬ್ಬರಿ ಎಣ್ಣೆ, ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಅಂತ ಮೂರು ಇಟ್ಟರೆ ತಿಪಟೂರಿಗೆ ಜಯ. ಎಳನೀರಲ್ಲಿ ಸೋತದ್ದಕ್ಕೆ ಸಮಾಧಾನ. ಸಾಸಿವೆ, ಆಲಿವ್ ಎರಡೂ ಎಳೆಚರ್ಮದ ಮೇಲ್ಪದರವನ್ನು ಸಡಿಲ ಮಾಡಬಹುದು, ಕೊಬ್ಬರಿ ಎಣ್ಣೆ ಕಾಪಾಡುತ್ತದೆ. ಲಂಗೋಟಿಯ ಜಾಗ ಕೆಂಪಾದರೆ ಪೌಡರ್ ಬದಲು ಅದನ್ನೇ ತೆಳ್ಳಗೆ ಸವರಿ, ಬಿಡುವಿದ್ದಾಗಲೆಲ್ಲ ಬಿಚ್ಚಿ ಗಾಳಿಗೆ ಬಿಡಿ. ಪೌಡರಿನ ಧೂಳು ಉಸಿರಿಗೆ ಹೋಗುತ್ತದೆ.

ಸಾಂಬ್ರಾಣಿ ಹೊಗೆ ನನಗೂ ಇಷ್ಟ. ನೀರು ಹಾಕಿದ ಮೇಲೆ ಕುಕ್ಕೆ ಬೋರಲು ಹಾಕಿ ಕೂದಲು ಒಣಗಿಸುವ ಆ ಚಂದ ಬೇರೆ. ಈಗ ಹೊಗೆ ಹಾಕುವುದು ನಾನು ಕೂದಲು ಒಣಗಿಸಿಕೊಳ್ಳಲು, ಬೇರೆ ಕೋಣೆಯಲ್ಲಿ. ಮಗುವಿಗೆ ಮೆತ್ತನೆ ಪಂಚೆ ಸಾಕು. ಕಾಡಿಗೆ ಕಣ್ಣೊಳಗೆ ಬೇಡ. ಅಂಗಡಿಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ, ಮನೆಯದ್ದಾದರೆ ಬೆರಳಿನ ಸೋಂಕು. ದೃಷ್ಟಿಬೊಟ್ಟು ಅಂಗಾಲಿಗೆ ಇಡುತ್ತೇವೆ. ಕೆನ್ನೆಗಿಟ್ಟರೆ ಉಜ್ಜಿ ಕಣ್ಣಿಗೇ ಹಚ್ಚಿಕೊಳ್ಳುತ್ತಾಳೆ ಮಹಾರಾಣಿ.

ಸುಟ್ಟುಕೊಂಡರೆ ಟೂತ್‌ಪೇಸ್ಟ್, ಅರಿಶಿನ, ಇಂಕು, ಬೆಣ್ಣೆ ಯಾವುದೂ ಬೇಡ. ನಲ್ಲಿಯ ಕೆಳಗೆ 20 ನಿಮಿಷ.

ಈಗ ನಮ್ಮ ಕಪಾಟಿನಲ್ಲಿ

ಮೂರು ಅಂಗಡಿ ಒಂದಾಗಿವೆ. ಮೇಲಿನ ತಟ್ಟೆಯಲ್ಲಿ ಒಂದು ಪ್ಯಾರಾಸಿಟಮಾಲ್ ಬಾಟಲಿ, ಅದರ ಸಿರಿಂಜು, ಥರ್ಮಾಮೀಟರ್, ಸಲೈನ್ ಡ್ರಾಪ್ಸ್, ಓಆರ್‌ಎಸ್, ಜಿಂಕ್. ಕೆಳಗಿನ ತಟ್ಟೆಯಲ್ಲಿ ಜೇನು, ಇಂಗು, ಒಣದ್ರಾಕ್ಷಿ, ಕೊಬ್ಬರಿ ಎಣ್ಣೆ. ಬಾಗಿಲ ಒಳಗೆ ಅಂಟಿಸಿದ ಚೀಟಿಯಲ್ಲಿ ಇಬ್ಬರ ತೂಕ, ಪ್ಯಾರಾಸಿಟಮಾಲ್ ಎಷ್ಟು ಮಿಲಿ ಅಂತ ಪೆನ್ಸಿಲಿನಲ್ಲಿ ಬರೆದಿದೆ. ಎರಡು ಮೂರು ತಿಂಗಳಿಗೊಮ್ಮೆ ಅಳಿಸಿ ಹೊಸದು ಬರೆಯುತ್ತೇನೆ. ಅಮ್ಮನಿಗೆ ಕನ್ನಡಕವಿಲ್ಲದೆ ಕಾಣಲಿ ಅಂತ ಅಂಕಿ ದಪ್ಪಗಿದೆ. ಹೋದ ತಿಂಗಳು ಅಮ್ಮನೇ ಮಗಳನ್ನು ತೂಕದ ಮಷೀನಿನ ಮೇಲೆ ನಿಲ್ಲಿಸಿ, ಹಳೇ ಅಂಕಿ ಅಳಿಸಿ, 12 ಅಂತ ಬರೆದಿದ್ದರು.